ನಿದ್ದೆ, ಆಟ, ಕೂತ ಹೊತ್ತು: ಎಳೆಯ ಮಕ್ಕಳ ದಿನದ ವಿಜ್ಞಾನ

ಐದು ವರ್ಷದೊಳಗಿನ ಮಕ್ಕಳ ಆರೋಗ್ಯದ ಚರ್ಚೆ ಬಹುಕಾಲದಿಂದ ತೂಕ, ಎತ್ತರ, ಲಸಿಕೆ ಮತ್ತು ಊಟದ ಸುತ್ತಲೇ ನಡೆದುಕೊಂಡು ಬಂದಿದೆ; ಮಗು ದಿನದ ಇಪ್ಪತ್ನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತದೆ ಎಂಬುದು ಮನೆಯವರ ಪಾಡಿನ ಸಂಗತಿ, ವೈದ್ಯಶಾಸ್ತ್ರಕ್ಕೆ ಅದರಲ್ಲಿ ಕೆಲಸವಿಲ್ಲ ಎಂದೇ ಭಾವಿಸಲಾಗಿತ್ತು. ನಿದ್ದೆಯನ್ನು ನರವಿಜ್ಞಾನಿಗಳೂ, ಓಡಾಟವನ್ನು ದೈಹಿಕ ಶಿಕ್ಷಣದ ತಜ್ಞರೂ, ಟಿ.ವಿ. ಮತ್ತು ಮೊಬೈಲಿನ ಪ್ರಭಾವವನ್ನು ಮನಶ್ಶಾಸ್ತ್ರಜ್ಞರೂ ಬೇರೆಬೇರೆಯಾಗಿ ಅಧ್ಯಯನ ಮಾಡುತ್ತಿದ್ದರು. ಎಳೆಯ ಮಕ್ಕಳ ವಿಷಯದಲ್ಲಿ ಈ ಮೂರನ್ನೂ ಒಂದೇ ದಿನದ ಮೂರು ಪಾಲುಗಳೆಂದು ನೋಡುವ ಮಾರ್ಗಸೂಚಿಗಳನ್ನು ಕೆನಡಾ ಮತ್ತು ಆಸ್ಟ್ರೇಲಿಯಾ 2017ರಲ್ಲಿ ಹೊರತಂದವು. 2019ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದೇ ದಾರಿ ಹಿಡಿದು, ಐದು ವರ್ಷದೊಳಗಿನ ಮಕ್ಕಳ ದೈಹಿಕ ಚಟುವಟಿಕೆ, ಕೂತಿರುವ ಅವಧಿ ಮತ್ತು ನಿದ್ದೆ ಕುರಿತ ತನ್ನ ಮೊದಲ ಮಾರ್ಗಸೂಚಿಯನ್ನು ಪ್ರಕಟಿಸಿತು.

ಈ ವಿಚಾರವನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ನೆಲದ ಮೇಲಿಟ್ಟು ನೋಡುವುದಕ್ಕೆ ಕಾರಣವಿದೆ. ಮಾರ್ಗಸೂಚಿಗೆ ಆಧಾರವಾದ ಸಂಶೋಧನೆಯ ಬಹುಪಾಲು ಶ್ರೀಮಂತ ದೇಶಗಳಲ್ಲಿ ನಡೆದದ್ದು, ಅಲ್ಲಿ ಮಕ್ಕಳ ಬಗೆಗಿನ ದೊಡ್ಡ ಚಿಂತೆ ಅತಿತೂಕ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿ ಬಿದ್ದಿರುವ ಚಿತ್ರದುರ್ಗದ ಬಯಲಿನಲ್ಲಿ ಚಿತ್ರ ಬೇರೆ: ಶೇಂಗಾ, ಮೆಕ್ಕೆಜೋಳ, ಈರುಳ್ಳಿ, ರಾಗಿಯ ಮಳೆಯಾಶ್ರಿತ ಹೊಲಗಳು ಒಂದು ಕಡೆ, ಕೊಳವೆಬಾವಿಯ ನೀರನ್ನು ನೆಚ್ಚಿದ ಹೊಳಲ್ಕೆರೆ, ಹೊಸದುರ್ಗದ ಅಡಿಕೆ ಮತ್ತು ತೆಂಗಿನ ತೋಟಗಳು ಇನ್ನೊಂದು ಕಡೆ, ವೇದಾವತಿಗೆ ಅಡ್ಡಲಾಗಿ 1907ರ ವೇಳೆಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದ ಕೆಳಗಿನ ಹಿರಿಯೂರಿನ ನೀರಾವರಿ ಮತ್ತೊಂದು ಕಡೆ; ಇವುಗಳ ನಡುವೆ ಹಾದುಹೋಗುವ ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ, ಭೀಮಸಮುದ್ರದ ಕಡೆಯಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು. ಕುಂಠಿತ ಬೆಳವಣಿಗೆ, ರಕ್ತಹೀನತೆಗಳು ಇನ್ನೂ ನೀಗದ ಇಂಥ ಕಡೆಗೂ ಮೊಬೈಲು, ವ್ಯಾನು, ತಡರಾತ್ರಿಯ ಟಿ.ವಿ. ಬಂದಾಗಿವೆ. ಹಳೆಯ ಕೊರತೆಯೂ ಹೊಸ ಅಭ್ಯಾಸವೂ ಒಂದೇ ಮಗುವಿನ ಮೈಯಲ್ಲಿ ಕೂಡಿಕೊಂಡಾಗ ಏನಾಗುತ್ತದೆ ಎಂಬುದೇ ಈ ಅಧ್ಯಾಯದ ವಸ್ತು.

ಮೂರು ಪಾಲು, ಒಂದು ದಿನ

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಹುಟ್ಟಿದ ಮೊದಲ ಮೂರು ತಿಂಗಳು ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆ, ಒಂದು ಮತ್ತು ಎರಡು ವರ್ಷದ ಮಕ್ಕಳಿಗೆ 11ರಿಂದ 14 ಗಂಟೆ, ಮೂರು ಮತ್ತು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಈ ಲೆಕ್ಕದಲ್ಲಿ ಸೇರುತ್ತದೆ. ಇನ್ನೂ ತೆವಳಲು ಬಾರದ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿಸಿ ಆಡಿಸಬೇಕು. ಒಂದು ವರ್ಷ ತುಂಬಿದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸುವ ಚಟುವಟಿಕೆಯಲ್ಲಿರಬೇಕು, ಮೂರು ವರ್ಷದಿಂದ ಮೇಲೆ ಅದರಲ್ಲಿ ಕನಿಷ್ಠ 60 ನಿಮಿಷ ಏದುಸಿರು ಬರುವಂಥ ಓಟ, ಜಿಗಿತಗಳಿಗೆ ಸಲ್ಲಬೇಕು. ಯಾವ ವಯಸ್ಸಿನ ಮಗುವನ್ನೂ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕೈಕಾಲು ಆಡಿಸಲಾಗದಂತೆ ಕಟ್ಟಿ ಕೂರಿಸಬಾರದು. ಎರಡು ವರ್ಷ ತುಂಬದ ಮಕ್ಕಳಿಗೆ ಕೂತು ನೋಡುವ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ಅದು ದಿನಕ್ಕೆ ಒಂದು ಗಂಟೆ ಮೀರಬಾರದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಇದೇ: ಎರಡು ವರ್ಷದೊಳಗೆ ಪರದೆಯಿಲ್ಲ, ಐದು ವರ್ಷದವರೆಗೆ ಗರಿಷ್ಠ ಒಂದು ಗಂಟೆ.

ಈ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದರೆ ಅವು ಬರೀ ನಿಯಮಗಳ ಪಟ್ಟಿಯಂತೆ ಕಾಣುತ್ತವೆ. ಒಟ್ಟಾಗಿ ಓದಿದಾಗ ಅವುಗಳ ಹಿಂದಿನ ತರ್ಕ ಹೊಳೆಯುತ್ತದೆ. ದಿನವೊಂದಕ್ಕೆ 1,440 ನಿಮಿಷ ಮಾತ್ರ ಇರುವುದರಿಂದ ಒಂದು ಚಟುವಟಿಕೆಗೆ ಸೇರಿದ ನಿಮಿಷ ಇನ್ನೊಂದರಿಂದ ಕಳೆದುಹೋಗಲೇಬೇಕು. ಅಣ್ಣತಮ್ಮಂದಿರು ಹಂಚಿಕೊಂಡ ಹೊಲದಲ್ಲಿ ಒಬ್ಬನು ಬದುವನ್ನು ಆಚೆ ಸರಿಸಿದರೆ ಪಕ್ಕದವನ ನೆಲ ಅಷ್ಟೇ ಕಿರಿದಾಗುವಂತೆ, ಕೂತ ಹೊತ್ತು ಹಿಗ್ಗಿದಾಗ ನಿದ್ದೆಯೋ ಆಟವೋ ಕುಗ್ಗುತ್ತದೆ. ಆದ್ದರಿಂದ ಟಿ.ವಿ. ಮಗುವಿಗೆ ಕೆಟ್ಟದೇ ಎಂಬ ಪ್ರಶ್ನೆ ಅರ್ಧ ಪ್ರಶ್ನೆ ಮಾತ್ರ, ಟಿ.ವಿ. ಯಾವುದರ ಹೊತ್ತನ್ನು ಕಬಳಿಸಿತು ಎಂಬುದು ಉಳಿದರ್ಧ. ಹೀಗೆ ಒಟ್ಟು ಮೊತ್ತ ಬದಲಾಗದ ಪಾಲುಗಳನ್ನು ಲೆಕ್ಕ ಹಾಕುವ ಗಣಿತವನ್ನು 1980ರ ದಶಕದಲ್ಲಿ ಬೆಳೆಸಿದವರು ಸ್ಕಾಟ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಜಾನ್ ಏಚಿಸನ್. ಅದರ ಮುಖ್ಯ ಬಳಕೆದಾರರು ಭೂವಿಜ್ಞಾನಿಗಳಾಗಿದ್ದರು, ಏಕೆಂದರೆ ಚಿತ್ರದುರ್ಗದ ಪದರಶಿಲೆಯಾಗಲಿ ಬೇರೆಲ್ಲಿಯ ಕಲ್ಲಾಗಲಿ, ಅದರೊಳಗಿನ ಸಿಲಿಕಾ, ಕಬ್ಬಿಣ, ಅಲ್ಯೂಮಿನಾಗಳ ಶೇಕಡಾವಾರು ಕೂಡಿದರೆ ನೂರನ್ನು ಮೀರುವಂತಿಲ್ಲ. ಕಲ್ಲಿನ ಘಟಕಗಳಿಗಾಗಿ ಬಳಕೆಗೆ ಬಂದ ಅದೇ ಗಣಿತ ಇಂದು ಮಗುವಿನ ದಿನದ ಘಟಕಗಳನ್ನು ಅಳೆಯಲು ಒದಗಿಬಂದಿದೆ.

ಮೂರೂ ಪಾಲುಗಳು ಸರಿಯಾಗಿ ಹೊಂದಿಕೊಂಡ ಮಕ್ಕಳು ಎಷ್ಟು ಮಂದಿ? 33 ದೇಶಗಳ, ಮೂರು ಮತ್ತು ನಾಲ್ಕು ವರ್ಷದ ಏಳು ಸಾವಿರ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮೂರೂ ಸೂಚನೆಗಳನ್ನು ಪೂರೈಸಿದವರು ಶೇ 14ರಷ್ಟು ಮಾತ್ರ. ಹಾಗೆಂದು ಈ ಸೂಚನೆಗಳ ಹಿಂದಿನ ಪುರಾವೆಯೆಲ್ಲ ಗಟ್ಟಿಯಾದದ್ದೆಂದು ತಿಳಿಯುವಂತಿಲ್ಲ; ಸಲಹೆಗಳು ದೃಢವಾಗಿದ್ದರೂ ಅವುಗಳಿಗೆ ದೊರೆತ ಪುರಾವೆಯ ಗುಣಮಟ್ಟ ಬಹಳ ಕೆಳಮಟ್ಟದ್ದು ಎಂದು ಮಾರ್ಗಸೂಚಿಯೇ ಒಪ್ಪಿಕೊಂಡಿದೆ. ಹಾಗಾಗಿ ಅಂಕಿಗಳನ್ನು ಗೆರೆ ಕೊರೆದಂತೆ ಪಾಲಿಸುವುದಕ್ಕಿಂತ ಅವುಗಳ ಹಿಂದೆ ದೇಹ ಮಾಡುವ ಕೆಲಸವನ್ನು ಅರಿಯುವುದು ಹೆಚ್ಚು ಪ್ರಯೋಜನಕಾರಿ.

ನಿದ್ದೆ ಮಾಡುವ ಕೆಲಸ

ನಿದ್ದೆ ಬರುವುದು ಎರಡು ಕ್ರಿಯೆಗಳ ಕೂಡುವಿಕೆಯಿಂದ ಎಂದು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತ ಹೋಗುವುದು ಮೊದಲನೆಯದು. ಹಗಲು-ಕತ್ತಲೆಗೆ ಹೊಂದಿಕೊಂಡ ಒಳಗಿನ ಗಡಿಯಾರ ಸಂಜೆಯ ಹೊತ್ತಿಗೆ ಮೈಗೆ ಮಲಗುವ ಸೂಚನೆ ಕೊಡುವುದು ಎರಡನೆಯದು. ಎಳೆಯ ಮಕ್ಕಳಲ್ಲಿ ಈ ಒತ್ತಡ ದೊಡ್ಡವರಿಗಿಂತ ಬೇಗ ಏರುತ್ತದೆ, ಆದ್ದರಿಂದಲೇ ಅವರು ಮಧ್ಯಾಹ್ನದ ನಿದ್ದೆಯಿಲ್ಲದೆ ಇಡೀ ದಿನ ತಡೆಯಲಾರರು. ನಿದ್ದೆಗೆಟ್ಟ ಮಗು ತೂಕಡಿಸುವ ಬದಲು ರಚ್ಚೆ ಹಿಡಿಯುವುದೂ, ಊಟ ಬೇಡವೆನ್ನುವುದೂ ಅನೇಕ ಸಲ ಇದೇ ಕಾರಣದಿಂದ.

ಗಾಢನಿದ್ದೆಯ ಹೊತ್ತಿನಲ್ಲಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗಿ ದೊಡ್ಡದಾಗಿ ಏಳುವ ಘಟ್ಟದಲ್ಲಿ, ತಲೆಯ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ನಿದ್ದೆಯೊಂದೇ ಮಗುವನ್ನು ಎತ್ತರ ಮಾಡುತ್ತದೆಂದು ಇದರ ಅರ್ಥವಲ್ಲ, ಹಾರ್ಮೋನು ಕೆಲಸ ಮಾಡಲು ಪ್ರೋಟೀನು, ಸತು, ಶಕ್ತಿ ಎಲ್ಲವೂ ಬೇಕು; ಆದರೆ ಊಟಕ್ಕೆ ಕೊಟ್ಟ ಗಮನವನ್ನು ನಿದ್ದೆಗೆ ಕೊಡದಿದ್ದರೆ ಆ ಊಟದ ಪ್ರಯೋಜನ ಪೂರ್ತಿ ದಕ್ಕುವುದಿಲ್ಲ. ಕಲಿಕೆಯ ಮಟ್ಟಿಗೂ ಹಗಲು ನಿದ್ದೆಗೆ ಸ್ಪಷ್ಟವಾದ ಪಾತ್ರವಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶಾಲಾಪೂರ್ವ ಮಕ್ಕಳಿಗೆ ಬೆಳಿಗ್ಗೆ ಚಿತ್ರಗಳ ಸ್ಥಾನ ನೆನಪಿಟ್ಟುಕೊಳ್ಳುವ ಆಟ ಕಲಿಸಿ, ಮಧ್ಯಾಹ್ನ ಮಲಗಿದ ದಿನ ಮತ್ತು ಮಲಗದ ದಿನಗಳ ನೆನಪನ್ನು ಹೋಲಿಸಿದಾಗ, ಮಲಗದ ದಿನ ನೆನಪು ಸೋರಿಹೋಗಿತ್ತು. ದಿನವೂ ಮಲಗುವ ರೂಢಿಯಿದ್ದ ಮಕ್ಕಳಲ್ಲಿ ಈ ನಷ್ಟ ಹೆಚ್ಚು. 2013ರಲ್ಲಿ ಪ್ರಕಟವಾದ ಈ ಅಧ್ಯಯನ, ಊಟದ ನಂತರ ಅಂಗನವಾಡಿಯಲ್ಲಿ ಚಾಪೆಯ ಮೇಲೆ ಉರುಳಿಕೊಳ್ಳುವ ಮಗು ಹೊತ್ತು ಹಾಳುಮಾಡುತ್ತಿಲ್ಲ, ಬೆಳಿಗ್ಗೆ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುತ್ತಿದೆ ಎಂಬುದಕ್ಕೆ ಆಧಾರ ಒದಗಿಸುತ್ತದೆ.

ಒಳಗಿನ ಗಡಿಯಾರವನ್ನು ಕೆಡಿಸುವ ಮುಖ್ಯ ಸಂಗತಿ ಬೆಳಕು. ಕತ್ತಲಾಗುತ್ತಿದ್ದಂತೆ ಮಿದುಳು ಮೆಲಟೋನಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿ ಮೈಗೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಅದರ ಸ್ರಾವ ತಗ್ಗುತ್ತದೆ. ಮಕ್ಕಳ ಕಣ್ಣಿನ ಪಾಪೆ ಅಗಲ, ಮಸೂರ ತಿಳಿಯಾದದ್ದು, ಆದ್ದರಿಂದ ಅವರ ಕಣ್ಣೊಳಗೆ ದೊಡ್ಡವರಿಗಿಂತ ಹೆಚ್ಚು ಬೆಳಕು ಇಳಿಯುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರರಿಂದ ಐದು ವರ್ಷದೊಳಗಿನ ಮಕ್ಕಳ ಮೇಲೆ ಮಲಗುವ ಮುಂಚಿನ ಒಂದು ಗಂಟೆ ಬಿದ್ದ 5ರಿಂದ 40 ಲಕ್ಸ್‌ನಷ್ಟು ಮಂದ ಬೆಳಕೂ ಮೆಲಟೋನಿನ್ ಪ್ರಮಾಣವನ್ನು ಸರಾಸರಿ ಮುಕ್ಕಾಲು ಪಾಲಿಗಿಂತ ಹೆಚ್ಚು ತಗ್ಗಿಸಿತು. ಮನೆಯ ಸಾಮಾನ್ಯ ದೀಪದ ಬೆಳಕೂ ಸುಮಾರಾಗಿ ಈ ಮಟ್ಟವನ್ನು ಮುಟ್ಟುತ್ತದೆ ಎಂಬುದನ್ನು ನೆನೆದರೆ, ಅಡುಗೆ, ಊಟ, ಧಾರಾವಾಹಿ, ಮಲಗುವುದು ಎಲ್ಲ ಒಂದೇ ಕೋಣೆಯಲ್ಲಿ ನಡೆಯುವ ಮನೆಗಳಲ್ಲಿ ಮಗುವಿನ ನಿದ್ದೆ ಏಕೆ ಹತ್ತು ಗಂಟೆಯಾಚೆಗೆ ಜಾರುತ್ತದೆ ಎಂಬುದು ತಿಳಿಯುತ್ತದೆ.

ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಏಳುವ ನಾಲ್ಕು ವರ್ಷದ ಮಗುವಿಗೆ ದೊರೆಯುವುದು ಒಂಬತ್ತು ಗಂಟೆ. ಅಂಗನವಾಡಿಯಲ್ಲಿ ಒಂದೂವರೆ ಗಂಟೆ ಮಲಗಿದರೆ ಒಟ್ಟು ಹತ್ತೂವರೆ, ಮಾರ್ಗಸೂಚಿಯ ಗೆರೆಯೊಳಗೆ ಬಂತು. ಅದೇ ವಯಸ್ಸಿನ ಇನ್ನೊಂದು ಮಗು ವ್ಯಾನು ಹತ್ತಿ ಪಟ್ಟಣದ ಕಾನ್ವೆಂಟಿನ ಎಲ್‌ಕೆಜಿಗೆ ಹೋಗುವುದಾದರೆ ಆರೂವರೆಗೆ ಏಳಬೇಕು, ಮಧ್ಯಾಹ್ನ ಮಲಗಲು ಜಾಗವಿಲ್ಲ. ಅದಕ್ಕೆ ಸಿಗುವುದು ಎಂಟೂವರೆ ಗಂಟೆ ಮಾತ್ರ. ಒಳ್ಳೆಯ ಓದಿಗೆಂದು ಖರ್ಚು ಮಾಡಿದ ಮನೆ ತಿಳಿಯದೆಯೇ ದಿನಕ್ಕೆ ಎರಡು ಗಂಟೆಯ ನಿದ್ದೆಯನ್ನೂ ತೆತ್ತಿರುತ್ತದೆ.

ಕೂತ ಹೊತ್ತು ಎಲ್ಲವೂ ಒಂದೇ ಅಲ್ಲ

ಎಚ್ಚರವಿದ್ದು, ಕೂತೋ ಒರಗಿಯೋ ಮಲಗಿಯೋ, ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯ ಒಂದೂವರೆ ಪಟ್ಟನ್ನು ಮೀರದಷ್ಟು ಶಕ್ತಿ ಬಳಸುವ ಅವಧಿಯನ್ನು ವಿಜ್ಞಾನಿಗಳು ಜಡ ಅವಧಿ ಎನ್ನುತ್ತಾರೆ. ಈ ಹೆಸರಿನಲ್ಲಿ ನಿಂದೆಯ ಧ್ವನಿಯಿದ್ದರೂ, ಕೂತು ಮಾಡುವುದೆಲ್ಲ ಹಾನಿಕರವಲ್ಲ. ಅಜ್ಜಿಯ ತೊಡೆಯ ಮೇಲೆ ಕೂತು ಕಥೆ ಕೇಳುವ, ಒಗಟು ಬಿಡಿಸುವ, ಹುಣಸೆಬೀಜ ಎಣಿಸುವ ಮಗು ಸ್ನಾಯುಗಳ ಲೆಕ್ಕದಲ್ಲಿ ಟಿ.ವಿ. ನೋಡುವ ಮಗುವಿನಷ್ಟೇ ಜಡ. ಮಾತಿನ ಬೆಳವಣಿಗೆಯ ಲೆಕ್ಕದಲ್ಲಿ ಎರಡಕ್ಕೂ ಅಜಗಜಾಂತರ. ಮಗು ಏನೋ ತೊದಲಿದಾಗ ಎದುರಿಗಿದ್ದವರು ಅದಕ್ಕೆ ಮರುಮಾತು ಕೊಡುತ್ತಾರೆ, ಆ ಕೊಡುಕೊಳೆಯಿಂದಲೇ ಭಾಷೆ ಬೆಳೆಯುತ್ತದೆ. ಪರದೆ ಮಾತಾಡುತ್ತದೆ, ಆದರೆ ಮಗುವಿಗೆ ಉತ್ತರ ಕೊಡುವುದಿಲ್ಲ. ಆದ್ದರಿಂದಲೇ ಮಾರ್ಗಸೂಚಿ ಕೂತ ಹೊತ್ತನ್ನೆಲ್ಲ ತಳ್ಳಿಹಾಕದೆ, ಆ ಹೊತ್ತಿನಲ್ಲಿ ದೊಡ್ಡವರು ಮಗುವಿಗೆ ಓದಿ ಹೇಳಲಿ, ಕಥೆ ಹೇಳಲಿ ಎನ್ನುತ್ತದೆ.

ಕಟ್ಟಿ ಕೂರಿಸಬಾರದು ಎಂಬ ಸೂಚನೆ ಬರೆಯುವಾಗ ತಜ್ಞರ ಕಣ್ಣ ಮುಂದಿದ್ದದ್ದು ತಳ್ಳುಗಾಡಿ, ಎತ್ತರದ ಕುರ್ಚಿ ಮತ್ತು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ. ಬಯಲುಸೀಮೆಯಲ್ಲಿ ಅದರ ಜಾಗದಲ್ಲಿರುವುದು ಜೋಲಿ. ಕಳೆ ತೆಗೆಯಲು ಇಲ್ಲವೆ ಶೇಂಗಾ ಕೀಳಲು ಹೋದ ತಾಯಿ ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆ ಕಟ್ಟಿ ಕೂಸನ್ನು ಮಲಗಿಸುವುದು ಹಾವು, ಚೇಳು, ಮುಳ್ಳು, ಬಿಸಿಲುಗಳಿಂದ ಕಾಪಾಡುವ ವಿವೇಕದ ಉಪಾಯ. ಮಗು ನಿದ್ದೆಯಲ್ಲಿರುವಷ್ಟು ಹೊತ್ತು ಅದು ನಿದ್ದೆಯ ಲೆಕ್ಕಕ್ಕೆ ಸೇರುತ್ತದೆ, ಎಚ್ಚರವಾದ ಮೇಲೂ ಗಂಟೆಗಟ್ಟಲೆ ಅದರೊಳಗೇ ಇದ್ದರೆ ಮಾತ್ರ ಕತ್ತು ನಿಲ್ಲಿಸುವ, ಮಗ್ಗುಲು ತಿರುಗುವ, ತೆವಳುವ ಅಭ್ಯಾಸಕ್ಕೆ ಸಿಗಬೇಕಾದ ಹೊತ್ತು ಕಡಿಮೆಯಾಗುತ್ತದೆ. ತಾಯಿಗೆ ಬುದ್ಧಿ ಹೇಳಿದರೆ ಇದು ಬಗೆಹರಿಯುವುದಿಲ್ಲ, ಕೂಸನ್ನು ಕೆಳಗೆ ಬಿಡಬಹುದಾದ ಸುರಕ್ಷಿತ ಜಾಗ ಬೇಕು. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಕರ್ನಾಟಕ ಸರ್ಕಾರ 2023ರಲ್ಲಿ ರೂಪಿಸಿದ ಕೂಸಿನ ಮನೆ ಯೋಜನೆಯನ್ನು ಈ ದೃಷ್ಟಿಯಿಂದ ಬೆಳವಣಿಗೆಯ ಯೋಜನೆ ಎಂದೂ ನೋಡಬಹುದು.

ಬೋರಲು ಮಲಗಿಸುವ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಅದು ಎಚ್ಚರವಿರುವ ಕೂಸಿಗೆ, ದೊಡ್ಡವರ ಕಣ್ಣೆದುರಿಗೆ ಮಾತ್ರ. ನಿದ್ದೆಗೆ ಶಿಶುವನ್ನು ಅಂಗಾತವೇ ಮಲಗಿಸಬೇಕು, ಏಕೆಂದರೆ ಬೋರಲು ನಿದ್ದೆಗೂ ಶಿಶುಗಳ ಹಠಾತ್ ಸಾವಿಗೂ ನಂಟಿರುವುದು ಚೆನ್ನಾಗಿ ಸ್ಥಾಪಿತವಾದ ಸಂಗತಿ.

ಆಟದಿಂದ ಆಗುವುದು

ಓಡುವಾಗ, ಜಿಗಿಯುವಾಗ ನೆಲ ಕೊಡುವ ಹೊಡೆತವನ್ನು ಮೂಳೆಯೊಳಗಿನ ಜೀವಕೋಶಗಳು ಗ್ರಹಿಸಿ, ಹೆಚ್ಚು ಭಾರ ಬೀಳುವ ಕಡೆ ಹೆಚ್ಚು ಖನಿಜವನ್ನು ತುಂಬಿಸುತ್ತವೆ. ಸಂಕುಚಿಸುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು, ಹೃದಯ ಮತ್ತು ಶ್ವಾಸಕೋಶಗಳು ಬೇಡಿಕೆಗೆ ತಕ್ಕಂತೆ ಬಲಗೊಳ್ಳುತ್ತವೆ. ಇವಲ್ಲದೆ ಎಳೆಯ ವಯಸ್ಸಿನಲ್ಲಿ ಮಾತ್ರ ಸುಲಭವಾಗಿ ದಕ್ಕುವ ಮೂಲ ಚಲನಾ ಕೌಶಲಗಳಿವೆ: ಓಟ, ಜಿಗಿತ, ಒಂಟಿಕಾಲಿನ ಕುಪ್ಪಳಿಕೆ, ಎಸೆತ, ಹಿಡಿತ, ಸಮತೋಲ. ಕಣ್ಣಾಮುಚ್ಚಾಲೆಯಲ್ಲಿ ಓಟವೂ ನಿಲುಗಡೆಯೂ, ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನ ಸಮತೋಲವೂ, ಲಗೋರಿಯಲ್ಲಿ ಎಸೆತದ ಗುರಿಯೂ ಅಡಗಿವೆ. ಚೌಕಾಬಾರ, ಅಳಿಗುಳಿಮಣೆಗಳು ಕೂತು ಆಡುವವಾದರೂ ಎಣಿಕೆ ಮತ್ತು ಬೆರಳಿನ ಹಿಡಿತ ಕಲಿಸುತ್ತವೆ. ಮೂರು ವರ್ಷದ ಮಗು ಈ ಆಟಗಳನ್ನು ನಿಯಮದಂತೆ ಆಡಲಾರದು, ದೊಡ್ಡ ಮಕ್ಕಳ ಹಿಂದೆ ಓಡುತ್ತ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎನಿಸಿಕೊಂಡೇ ಕಲಿಯುತ್ತದೆ. ಬೇರೆಬೇರೆ ವಯಸ್ಸಿನ ಮಕ್ಕಳು ಬೀದಿಯಲ್ಲಿ ಕೂಡಿ ಆಡುವುದು ತಪ್ಪಿದಾಗ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಈ ಚಿಕ್ಕವರು.

180 ನಿಮಿಷ ಎಂಬುದು ಕೇಳಲು ದೊಡ್ಡದೆನಿಸಬಹುದು. ಹನ್ನೊಂದು ಗಂಟೆ ಮಲಗುವ ಮಗುವಿಗೆ ಎಚ್ಚರದ 780 ನಿಮಿಷಗಳಿರುತ್ತವೆ, ಅದರಲ್ಲಿ 180 ಎಂದರೆ ಕಾಲುಭಾಗಕ್ಕೂ ಕಡಿಮೆ. ಅದನ್ನು ಒಂದೇ ಸಲ ಮುಗಿಸಬೇಕಾಗಿಯೂ ಇಲ್ಲ. ಮಕ್ಕಳ ಆಟದ ಸ್ವಭಾವವೇ ಕೆಲವು ಸೆಕೆಂಡುಗಳ ರಭಸ, ಆಮೇಲೆ ವಿರಾಮ, ಮತ್ತೆ ರಭಸ. ಹಿತ್ತಲಲ್ಲಿ ಕುರಿಮರಿಯ ಹಿಂದೆ ಓಡುವುದು, ಜಗಲಿಯಿಂದ ಧುಮುಕುವುದು, ನೀರಿನ ಚೊಂಬು ಹೊತ್ತು ನಡೆಯುವುದು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ.

ಸೊರಗಿದ ಮಗು ಆಡಬೇಕೇ?

ಶ್ರೀಮಂತ ದೇಶಗಳ ಗ್ರಂಥಗಳಲ್ಲಿ ಕಾಣದ, ಚಿತ್ರದುರ್ಗದ ಹಟ್ಟಿ-ತಾಂಡಾಗಳಲ್ಲಿ ಸಹಜವಾಗಿ ಏಳುವ ಪ್ರಶ್ನೆಯೆಂದರೆ, ಮೊದಲೇ ತೂಕ ಕಡಿಮೆಯಿರುವ ಮಗುವನ್ನು ಓಡಾಡಲು ಬಿಟ್ಟರೆ ತಿಂದದ್ದೂ ಕರಗಿಹೋಗುವುದಿಲ್ಲವೇ ಎಂಬುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 19.5ರಷ್ಟು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಅತಿತೂಕದವರು ಶೇ 3.2 ಮಾತ್ರ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು.

ಸಾಕಷ್ಟು ಶಕ್ತಿ ದೊರೆಯದ ದೇಹ ಮೊದಲು ಉಳಿತಾಯ ಮಾಡುವುದು ಚಲನೆಯಲ್ಲಿ. ಉಗಾಂಡದ ಎಳೆಯ ಮಕ್ಕಳ ಮೇಲೆ ಇಂಗ್ರಿಡ್ ರುಟಿಶೌಸರ್ ಮತ್ತು ರೋಜರ್ ವೈಟ್‌ಹೆಡ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಆಹಾರ ಸಿಗುತ್ತಿದ್ದ ಅಲ್ಲಿನ ಮಕ್ಕಳು ಯುರೋಪಿಯನ್ ಮಕ್ಕಳಿಗಿಂತ ಹೆಚ್ಚು ಹೊತ್ತು ಕೂತು, ಕಡಿಮೆ ಓಡಾಡುತ್ತಿದ್ದರು. ಕಬ್ಬಿಣಾಂಶದ ಕೊರತೆಯೂ ಇದೇ ಕೆಲಸ ಮಾಡುತ್ತದೆ: ಚಿಲಿ ದೇಶದ ಶಿಶುಗಳನ್ನು ವರ್ಷಗಟ್ಟಲೆ ಅನುಸರಿಸಿದ ಸಂಶೋಧನೆಗಳು, ಶೈಶವದಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆಗೆ ಒಳಗಾದವರ ಚಲನೆಯಲ್ಲೂ ನಿದ್ದೆಯ ಘಟ್ಟಗಳ ಜೋಡಣೆಯಲ್ಲೂ ವ್ಯತ್ಯಾಸಗಳನ್ನು ಕಂಡವು. ಅಂದರೆ ಪೋಷಣೆಯ ಕೊರತೆ, ನಿದ್ದೆ ಮತ್ತು ಜಡತೆ ಒಂದರೊಳಗೊಂದು ಹೆಣೆದುಕೊಂಡಿವೆ. ಅಳದೆ, ಓಡದೆ, ಕೂರಿಸಿದ ಕಡೆ ಕೂರುವ ಮಗುವನ್ನು ಬಲು ಸಾಧು ಎಂದು ಹೊಗಳುವುದು ರೂಢಿ. ಆ ಸಾಧುತನದ ಹಿಂದೆ ರಕ್ತಹೀನತೆ ಇರಬಹುದೆಂಬ ಅನುಮಾನ ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ಬರಬೇಕು. ಹಾಗಾಗಿ ಸೊರಗಿದ ಮಗುವಿಗೆ ಆಟ ಬೇಡವೆನ್ನುವುದು ತಪ್ಪು, ಊಟ ಸಾಲದೆ ಆಟ ಮಾತ್ರ ಸಾಕೆನ್ನುವುದೂ ತಪ್ಪು. ಊಟ ಮತ್ತು ಕಬ್ಬಿಣಾಂಶ ಸರಿಹೋದಾಗ ಆಟ ತಾನಾಗಿ ಮರಳುತ್ತದೆ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಮಾತ್ರ ಮೊದಲು ವೈದ್ಯರ ಚಿಕಿತ್ಸೆ ಬೇಕು.

ತೂಕ ಕಡಿಮೆಯಿದ್ದ ಮಾತ್ರಕ್ಕೆ ಮೈಯಲ್ಲಿ ಕೊಬ್ಬೂ ಕಡಿಮೆ ಎನ್ನುವಂತಿಲ್ಲ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟಂತೆ, ಅಲ್ಲಿನ ಗ್ರಾಮೀಣ ನವಜಾತ ಶಿಶುಗಳು ಸರಾಸರಿ 2.7 ಕಿಲೋ ತೂಗುತ್ತಿದ್ದರೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳು 3.5 ಕಿಲೋ ತೂಗುತ್ತಿದ್ದವು. ಆದರೆ ಭಾರತದ ಶಿಶುಗಳಲ್ಲಿ ಸ್ನಾಯು ಕಡಿಮೆಯಾದಷ್ಟು ಚರ್ಮದಡಿಯ ಕೊಬ್ಬು ಕಡಿಮೆಯಾಗಿರಲಿಲ್ಲ. ಹೀಗೆ ಹುಟ್ಟಿನಿಂದಲೇ ಸ್ನಾಯು ಕಡಿಮೆಯಿರುವ ಮೈ ಮುಂದೆ ಮಧುಮೇಹದ ಕಡೆಗೆ ವಾಲುವ ಸಾಧ್ಯತೆ ಹೆಚ್ಚೆಂಬ ವಿಚಾರವನ್ನು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಆರಂಭವಾದ ಪಾರ್ಥಿನಾನ್ ಅಧ್ಯಯನ ಅವರ ಮಕ್ಕಳ ಬೆಳವಣಿಗೆಯುದ್ದಕ್ಕೂ ಪರಿಶೀಲಿಸುತ್ತ ಬಂದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ, ಆರರಿಂದ ಹದಿನಾರು ವರ್ಷದ ನಗರ ಮತ್ತು ಅರೆನಗರ ಮಕ್ಕಳ ಅಧ್ಯಯನದಲ್ಲಿ ಕಡಿಮೆ ನಿದ್ದೆ ಮತ್ತು ಹೆಚ್ಚು ಟಿ.ವಿ. ಎರಡಕ್ಕೂ ಅತಿತೂಕದೊಡನೆ ನಂಟು ಕಂಡುಬಂದಿತ್ತು. ಇಂದು ಸೊರಗಿದ ಮಗು ನಾಳೆ ಅತಿತೂಕದ ಬಾಲಕನಾಗುವುದು ಅಸಂಭವವೇನಲ್ಲ.

ಅಳೆಯುವುದು ಹೇಗೆ?

ಮಗು ಎಷ್ಟು ಹೊತ್ತು ಆಡಿತು ಎಂದು ತಾಯಿಯನ್ನು ಕೇಳಿದರೆ ಇಡೀ ದಿನ ಆಡುತ್ತದೆ ಎಂಬ ಉತ್ತರ ಬರುವುದು ಸಹಜ, ಆದರೆ ಅದರಿಂದ ಲೆಕ್ಕ ಸಿಗದು. ಇದಕ್ಕಾಗಿ ವಿಜ್ಞಾನಿಗಳು ಸೊಂಟಕ್ಕೋ ಮಣಿಕಟ್ಟಿಗೋ ಕಟ್ಟುವ ಆಕ್ಸಿಲರೋಮೀಟರ್ ಎಂಬ, ಚಲನೆಯ ವೇಗದ ಏರಿಳಿತವನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಪುಟ್ಟ ಉಪಕರಣವನ್ನು ಬಳಸುತ್ತಾರೆ. ಅದು ಹೇಳುವುದು ಸರಿಯೇ ಎಂದು ಪರೀಕ್ಷಿಸಲು ಇನ್ನೊಂದು ವಿಧಾನವಿದೆ: ಜಲಜನಕ ಮತ್ತು ಆಮ್ಲಜನಕದ ಭಾರವಾದ, ಆದರೆ ವಿಕಿರಣವಿಲ್ಲದ ರೂಪಗಳನ್ನು ಬೆರೆಸಿದ ನೀರನ್ನು ಕುಡಿಸಿ, ಮುಂದಿನ ದಿನಗಳ ಮೂತ್ರದಲ್ಲಿ ಅವೆರಡೂ ಕರಗುವ ವೇಗದ ವ್ಯತ್ಯಾಸದಿಂದ ದೇಹ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ, ಅದರಿಂದ ಖರ್ಚಾದ ಶಕ್ತಿಯನ್ನೂ ಲೆಕ್ಕ ಹಾಕುವುದು. ಈ ಎರಡು ವಿಧಾನಗಳನ್ನು ಭಾರತೀಯ ಮಕ್ಕಳಲ್ಲಿ ಹೋಲಿಸಿ ನೋಡುವ ಕೆಲಸ ಮೈಸೂರಿನ ಪಾರ್ಥಿನಾನ್ ತಂಡ ಮತ್ತು ಸೇಂಟ್ ಜಾನ್ಸ್ ಸಂಶೋಧಕರ ಸಹಯೋಗದಲ್ಲಿ ನಡೆದು 2009ರಲ್ಲಿ ಪ್ರಕಟವಾಯಿತು.

ಉಪಕರಣಕ್ಕೂ ಮಿತಿಗಳಿವೆ. ತಾಯಿಯ ಸೊಂಟದ ಮೇಲೆ ಕೂತ, ಹಳ್ಳದ ದಾರಿಯಲ್ಲಿ ಬೈಕಿನ ಟ್ಯಾಂಕಿನ ಮೇಲೆ ಕೂತ ಮಗುವನ್ನು ಅದು ಓಡುತ್ತಿರುವ ಮಗುವೆಂದು ತಪ್ಪು ತಿಳಿಯಬಹುದು. ಕೂತು ಕಥೆ ಕೇಳಿದ್ದಕ್ಕೂ ಕೂತು ಮೊಬೈಲು ನೋಡಿದ್ದಕ್ಕೂ ಅದರ ಮಟ್ಟಿಗೆ ವ್ಯತ್ಯಾಸವಿಲ್ಲ. ಆದ್ದರಿಂದ ಒಳ್ಳೆಯ ಅಧ್ಯಯನಗಳು ಉಪಕರಣದ ದಾಖಲೆಯ ಜೊತೆಗೆ ಮನೆಯವರ ಮಾತನ್ನೂ ಕೇಳುತ್ತವೆ.

ದೊಡ್ಡವರ ಗಡಿಯಾರ

ಎಳೆಯ ಮಗು ತನ್ನ ದಿನವನ್ನು ತಾನು ಹಂಚಿಕೊಳ್ಳುವುದಿಲ್ಲ, ದೊಡ್ಡವರ ದಿನದಲ್ಲಿ ಉಳಿದ ಸಂದುಗಳಲ್ಲಿ ಅದರ ದಿನ ರೂಪುಗೊಳ್ಳುತ್ತದೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಸರದಿಯ ಪ್ರಕಾರ ರಾತ್ರಿ ಬಂದರೆ ಅಪ್ಪ ಟಾರ್ಚು ಹಿಡಿದು ತೋಟಕ್ಕೆ ಹೊರಡಬೇಕು, ಮನೆಯ ದೀಪ ಉರಿಯುತ್ತದೆ, ಮಗು ಎಚ್ಚರವಾಗುತ್ತದೆ. ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಕೆಲಸ ರಾತ್ರಿಗೆ ಚಾಚಿದರೆ ಊಟವೂ ನಿದ್ದೆಯೂ ಹಿಂದೆ ಸರಿಯುತ್ತವೆ. ಬೇಸಿಗೆಯ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ನಿದ್ದೆಯೂ ಬಾರದು, ಹೊರಗೆ ಆಟವೂ ಸಾಧ್ಯವಿಲ್ಲ, ಹೀಗಾಗಿ ಏಪ್ರಿಲ್–ಮೇ ತಿಂಗಳಲ್ಲಿ ಆಟಕ್ಕೆ ಒದಗುವುದು ಬೆಳಗಿನ ತಂಪು ಮತ್ತು ಇಳಿಹೊತ್ತು ಮಾತ್ರ. ಹೆದ್ದಾರಿಗೆ ತಗುಲಿದ ಊರುಗಳಲ್ಲಿ, ಅದಿರಿನ ಲಾರಿ ಓಡಾಡುವ ದಾರಿಯ ಬದಿಯಲ್ಲಿ ಮಗುವನ್ನು ಬೀದಿಗೆ ಬಿಡಲು ಹೆದರುವ ತಾಯಿ ಅದನ್ನು ಪಡಸಾಲೆಯಲ್ಲಿ ಕೂರಿಸಿ ಕೈಗೆ ಮೊಬೈಲು ಕೊಡುವುದು ಸೋಮಾರಿತನದಿಂದಲ್ಲ. ಸುರಕ್ಷಿತ ಅಂಗಳವಿಲ್ಲದ ಕಡೆ ಮೊಬೈಲೇ ಅತ್ಯಂತ ಅಗ್ಗದ ಕಾವಲುಗಾರ.

ಈ ಎಲ್ಲದರ ನಡುವೆ ಮಗುವಿನ ದಿನದ ಹಲವು ಗಂಟೆಗಳನ್ನು ಸಾರ್ವಜನಿಕವಾಗಿ ರೂಪಿಸಬಲ್ಲ ಸ್ಥಳ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಯೋಜನೆಗಳಲ್ಲಿ, ಕರ್ನಾಟಕದಲ್ಲಿ ಟಿ. ನರಸೀಪುರದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಇಂದು ನಾಲ್ಕೂ ತಾಲ್ಲೂಕುಗಳ ಹಳ್ಳಿಹಳ್ಳಿಗೂ ತಲುಪಿದೆ. ರಾಜ್ಯದ ಅಂಗನವಾಡಿಗಳಲ್ಲಿ ಬಳಕೆಯಲ್ಲಿರುವ ಚಿಲಿಪಿಲಿ ಚಟುವಟಿಕೆ ಕೈಪಿಡಿಯಲ್ಲಿ ಅಭಿನಯ ಗೀತೆ, ಕಥೆ, ಹೊರಾಂಗಣ ಆಟಗಳಿಗೆ ಜಾಗವಿದೆ. ಊಟದ ನಂತರ ವಿಶ್ರಾಂತಿಗೂ ಅವಕಾಶವಿದೆ. ಬೆಳಿಗ್ಗೆ ಬಿಸಿಲೇರುವ ಮುನ್ನ ಅರ್ಧ ಗಂಟೆ ಹೊರಗೆ ಓಡಾಟ, ಒಳಗೆ ಹಾಡು-ಕುಣಿತ, ಕೂತಾಗ ಕಥೆ, ಊಟದ ಮೇಲೆ ಚಾಪೆಯ ನಿದ್ದೆ, ಮನೆಗೆ ಹೊರಡುವ ಮುನ್ನ ಮತ್ತೆ ಆಟ: ಇಷ್ಟನ್ನು ನಡೆಸಿದ ಅಂಗನವಾಡಿ ಮಗುವಿಗೆ ಬೇಕಾದ ಚಟುವಟಿಕೆಯ ದೊಡ್ಡ ಪಾಲನ್ನೂ ನಿದ್ದೆಯ ಕೊರತೆಯ ತುಸು ಭಾಗವನ್ನೂ ತುಂಬಿಕೊಡುತ್ತದೆ. ತಾಯಂದಿರು ಅಂಗನವಾಡಿಯಿಂದ ಅಕ್ಷರ, ಅಂಕಿ, ಇಂಗ್ಲಿಷ್ ಪದ್ಯಗಳನ್ನು ಹೆಚ್ಚಾಗಿ ಬಯಸುತ್ತಿರುವ ಈ ಹೊತ್ತಿನಲ್ಲಿ, ಓಟ ಮತ್ತು ನಿದ್ದೆಗಳು ಆ ಕಲಿಕೆಗೆ ಅಡ್ಡಿಯಲ್ಲ, ಅದಕ್ಕೆ ಬೇಕಾದ ಸಿದ್ಧತೆ ಎಂಬುದನ್ನು ತಿಳಿಹೇಳುವ ಹೊಣೆ ಇಲಾಖೆಗಿದೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ ಖರ್ಚಿನದು, ಆದರೆ ದೊಡ್ಡವರ ಅಭ್ಯಾಸವನ್ನು ಕೇಳುವಂಥದ್ದು: ಮಗುವಿನ ಊಟವನ್ನು ಎಂಟರೊಳಗೆ ಮುಗಿಸುವುದು, ಮಲಗುವ ಮುಂಚಿನ ಒಂದು ಗಂಟೆ ದೀಪ ತಗ್ಗಿಸಿ ಟಿ.ವಿ. ಆರಿಸುವುದು, ದಿನವೂ ಸುಮಾರು ಒಂದೇ ಹೊತ್ತಿಗೆ ಮಲಗಿಸುವುದು, ಉಣ್ಣಿಸುವಾಗ ಮೊಬೈಲು ತೋರಿಸದಿರುವುದು. ಪಂಚಾಯಿತಿ ಮಾಡಬೇಕಾದದ್ದು ಅಂಗನವಾಡಿಗೊಂದು ನೆರಳಿರುವ, ಬೇಲಿಯಿರುವ ಅಂಗಳ. ವಿದ್ಯುತ್ ಕಂಪನಿ ಮಾಡಬಹುದಾದದ್ದು ಪಂಪ್‌ಸೆಟ್ಟಿಗೆ ಹಗಲಿನ ಸರದಿ. ತೂಕದ ಯಂತ್ರದ ಮೇಲೆ ಮಗುವನ್ನು ನಿಲ್ಲಿಸುವ ದಿನ ಕಾರ್ಯಕರ್ತೆ ತಾಯಿಯನ್ನು ಕೇಳುವ ಪ್ರಶ್ನೆಗಳಿಗೆ, ನಿನ್ನೆ ರಾತ್ರಿ ಮಗು ಎಷ್ಟು ಹೊತ್ತಿಗೆ ಮಲಗಿತು, ಹೊರಗೆ ಎಷ್ಟು ಹೊತ್ತು ಆಡಿತು ಎಂಬ ಎರಡು ಪ್ರಶ್ನೆಗಳು ಸೇರಿದರೆ, ಏರದ ತೂಕಕ್ಕೆ ತಟ್ಟೆಯ ಹೊರಗೂ ಕಾರಣ ಹುಡುಕಲು ದಾರಿಯಾಗುತ್ತದೆ.